ಕೆಲಸಕ್ಕೆ ಬಿಡುವು ಕೊಡುವ ಮುನ್ನ: ವೃತ್ತಿವಿರಾಮದ ನಿರ್ಧಾರ ಹೇಗೆ?

ಕೆಲಸ ಬಿಟ್ಟು ಆರು ತಿಂಗಳೋ ಒಂದು ವರ್ಷವೋ ಸುಮ್ಮನಿದ್ದುಬಿಡೋಣ ಎಂಬ ಯೋಚನೆ ಹೆಚ್ಚಾಗಿ ಕೆಟ್ಟ ದಿನವೊಂದರ ಕೊನೆಯಲ್ಲಿ ಬರುತ್ತದೆ. ಯೋಚನೆ ಅಂದು ಬಂದರೆ ತಪ್ಪಿಲ್ಲ, ತೀರ್ಮಾನವನ್ನೂ ಅಂದೇ ಮಾಡಿದರೆ ಮಾತ್ರ ತೊಂದರೆ. ವೃತ್ತಿವಿರಾಮ ಕೆಲವರಿಗೆ ನಿಜಕ್ಕೂ ಬೇಕಾಗಿರುತ್ತದೆ, ಇನ್ನು ಕೆಲವರಿಗೆ ಅದು ಬೇರೆ ರೋಗಕ್ಕೆ ತೆಗೆದುಕೊಂಡ ದುಬಾರಿ ಮದ್ದಾಗುತ್ತದೆ. ನೀವು ಯಾವ ಕಡೆಯವರೆಂದು ತಿಳಿಯಲು ಒಂದು ನೋಟ್‌ಬುಕ್ ಮತ್ತು ಒಂದೆರಡು ತಿಂಗಳ ತಾಳ್ಮೆ ಇದ್ದರೆ ಸಾಕು.

ಮೊದಲು ಕೇಳಿಕೊಳ್ಳಬೇಕಾದದ್ದು ಏನು ಸಾಕಾಗಿದೆ ಎಂಬುದನ್ನು. ದುಡಿಮೆಯೇ ಸಾಕಾಗಿದೆಯೋ, ಈ ಸಂಸ್ಥೆ ಸಾಕಾಗಿದೆಯೋ, ಅಥವಾ ಈ ಕೆಲಸದ ಯಾವುದೋ ಒಂದು ಭಾಗ ಮಾತ್ರ ಸಾಕಾಗಿದೆಯೋ? ದಣಿದ ಮನಸ್ಸಿಗೆ ಮೂರೂ ಒಂದೇ ಆಗಿ ಕಾಣುತ್ತವೆ, ಆದ್ದರಿಂದ ಮನಸ್ಸನ್ನು ನಂಬದೆ ಬರೆದಿಡುವುದು ಲೇಸು. ಕೆಲವು ವರ್ಷಗಳ ಹಿಂದೆ ನಾನು ರಾಜೀನಾಮೆ ಪತ್ರದ ಕರಡನ್ನು ಸಿದ್ಧಮಾಡಿಟ್ಟುಕೊಂಡು, ಕಳುಹಿಸುವ ಮೊದಲು ಮೂವತ್ತು ಸಂಜೆ ಎರಡೆರಡು ಸಾಲು ಬರೆಯುವ ನಿಯಮ ಹಾಕಿಕೊಂಡೆ: ಇಂದು ಯಾವ ಗಳಿಗೆಯಲ್ಲಿ ಕೆಲಸ ಬಿಡಬೇಕೆನಿಸಿತು, ಯಾವ ಗಳಿಗೆಯಲ್ಲಿ ಅನಿಸಲಿಲ್ಲ. ತಿಂಗಳ ಕೊನೆಗೆ ಎಣಿಸಿ ನೋಡಿದರೆ 30 ಟಿಪ್ಪಣಿಗಳಲ್ಲಿ 19 ಒಂದೇ ವಿಷಯದ ಸುತ್ತ ಸುತ್ತುತ್ತಿದ್ದವು, ಪ್ರತಿದಿನ ಬೆಳಗ್ಗೆ ಹತ್ತಕ್ಕೆ ನಡೆಯುತ್ತಿದ್ದ, ಯಾರಿಗೂ ಉಪಯೋಗವಿಲ್ಲದ ಒಂದು ಪರಿಶೀಲನಾ ಸಭೆ ಮತ್ತು ಅದಕ್ಕಾಗಿ ಹಿಂದಿನ ರಾತ್ರಿ ತುಂಬಬೇಕಿದ್ದ ವರದಿ. ಆ ಜವಾಬ್ದಾರಿಯನ್ನು ಬದಲಿಸಿಕೊಡಿ ಎಂದು ಕೇಳಿದೆ, ಬದಲಾಯಿತು, ಪತ್ರದ ಕರಡು ಎರಡು ವರ್ಷ ಹಾಗೆಯೇ ಉಳಿಯಿತು. ಟಿಪ್ಪಣಿಗಳು ಹೀಗೆ ಒಂದೇ ಕಡೆ ಗುಂಪುಗೂಡಿದರೆ ನಿಮಗೆ ಬೇಕಿರುವುದು ಬಹುಶಃ ಬಿಡುವಲ್ಲ, ಬದಲಾವಣೆ. ಎಲ್ಲೆಡೆ ಚದುರಿದ್ದು, ಒಳ್ಳೆಯ ದಿನಗಳಲ್ಲೂ ದಣಿವೇ ಕಂಡರೆ ಬಿಡುವಿನ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಈ ಎರಡನೆಯ ಬಗೆಯ ದಣಿವನ್ನು ‘ಬರ್ನ್‌ಔಟ್’ ಎಂದು ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರಗೊಂಡ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಇದನ್ನು ಕಾಯಿಲೆ ಎಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಸೇರಿಸಿದೆ. ಶಕ್ತಿ ಬತ್ತಿಹೋದಂತಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಸಿನಿಕತನ ಬೆಳೆಯುವುದು, ಕೆಲಸ ಕೈಗೂಡುತ್ತಿಲ್ಲ ಎಂಬ ಭಾವನೆ, ಇವು ಅದು ಹೇಳುವ ಮೂರು ಲಕ್ಷಣಗಳು. ನಿರ್ವಹಿಸಲಾಗದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡವೇ ಇದರ ಮೂಲವೆಂದು ಆ ವಿವರಣೆಯೇ ಹೇಳುವುದರಿಂದ, ಆರು ತಿಂಗಳು ಮಲಗಿ ಎದ್ದು ಅದೇ ಏರ್ಪಾಡಿಗೆ ಮರಳಿದರೆ ದಣಿವೂ ಮರಳುವ ಸಂಭವ ಹೆಚ್ಚು. ನಿದ್ದೆ, ಹಸಿವು ಕೆಟ್ಟು ವಾರಗಟ್ಟಲೆ ಸರಿಹೋಗದಿದ್ದರೆ, ಮನಸ್ಸು ಸದಾ ಕುಗ್ಗಿಯೇ ಇದ್ದರೆ, ರಾಜೀನಾಮೆಗಿಂತ ಮೊದಲು ವೈದ್ಯರನ್ನು ಕಾಣಬೇಕು. ವೈದ್ಯಕೀಯ ರಜೆಯಲ್ಲಿ ಕೆಲಸ ನಿಮ್ಮದಾಗಿಯೇ ಉಳಿಯುವ ಸಾಧ್ಯತೆಯಿದೆ, ರಾಜೀನಾಮೆಯಲ್ಲಿ ಅದಿಲ್ಲ.

ಇನ್ನು ಹಣ. ಆರು ತಿಂಗಳ ಬಿಡುವಿಗೆ ಆರು ತಿಂಗಳ ಖರ್ಚು ಕೈಯಲ್ಲಿದ್ದರೆ ಆಯಿತು ಎಂದುಕೊಳ್ಳುವವರು ಬಹಳ, ಎಡವುವುದೂ ಅಲ್ಲಿಯೇ. ಬಿಡುವು ಮುಗಿದ ದಿನವೇ ಕೆಲಸ ಸಿಗುವುದಿಲ್ಲವಾದ್ದರಿಂದ ಹುಡುಕಾಟಕ್ಕೆ ನಾಲ್ಕು ತಿಂಗಳನ್ನಾದರೂ ಇಟ್ಟುಕೊಳ್ಳಬೇಕು. ಸಿಕ್ಕ ಮೇಲೂ ಮೊದಲ ಸಂಬಳ ಕೈಸೇರಲು ಒಂದು ತಿಂಗಳು ಹಿಡಿಯುತ್ತದೆ. ಆಸ್ಪತ್ರೆ, ಮನೆ ರಿಪೇರಿಯಂಥ ಅನಿರೀಕ್ಷಿತಗಳಿಗೆ ಮೂರು ತಿಂಗಳ ಖರ್ಚನ್ನು ಮುಟ್ಟದೆ ಇಡಬೇಕು. ಕೂಡಿದರೆ 6, 4, 1, 3 ಸೇರಿ 14 ತಿಂಗಳಾಗುತ್ತದೆ. ತಿಂಗಳ ಖರ್ಚೆಷ್ಟು ಎಂಬುದನ್ನೂ ನೆನಪಿನಿಂದ ಹೇಳಬಾರದು, ಏಕೆಂದರೆ ನೆನಪಿಗೆ ಬಾಡಿಗೆ ಮತ್ತು ದಿನಸಿ ಬರುತ್ತವೆಯೇ ಹೊರತು ವರ್ಷಕ್ಕೊಮ್ಮೆ ಬರುವ ವಿಮಾ ಕಂತು, ಶಾಲೆಯ ಶುಲ್ಕ, ವಾಹನದ ರಿಪೇರಿ ಬರುವುದಿಲ್ಲ. ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಹೊರಗೆ ಹೋದ ಒಟ್ಟು ಮೊತ್ತವನ್ನು 12ರಿಂದ ಭಾಗಿಸಿ. ಬರುವ ಸಂಖ್ಯೆ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿದ್ದರೆ ಆಶ್ಚರ್ಯಪಡಬೇಕಿಲ್ಲ. ಸಂಸ್ಥೆಯೇ ಕೊಡುತ್ತಿದ್ದ ಆರೋಗ್ಯ ವಿಮೆ ನಿಂತರೆ ಅದರ ಕಂತನ್ನೂ ಇದಕ್ಕೆ ಸೇರಿಸಬೇಕು.

ಕಣ್ಣಿಗೆ ಬೀಳದ ನಷ್ಟವೊಂದಿದೆ. ನಿವೃತ್ತಿಗಾಗಿ ವರ್ಷವರ್ಷವೂ ಉಳಿಸುತ್ತಿದ್ದ ಮೊತ್ತ ಬಿಡುವಿನ ವರ್ಷದಲ್ಲಿ ನಿಲ್ಲುತ್ತದೆ. ವರ್ಷಕ್ಕೆ ಶೇಕಡ 8ರಂತೆ ಬೆಳೆಯುವ ಹಣ 25 ವರ್ಷಗಳಲ್ಲಿ ಸುಮಾರು 6.8 ಪಟ್ಟಾಗುತ್ತದೆ ಎಂದಾದರೆ, ಇಂದು ಕೈಬಿಟ್ಟ ನೂರು ಅಂದಿನ ಸುಮಾರು ಆರುನೂರ ಎಂಬತ್ತು. ಹಣದುಬ್ಬರವನ್ನು ಕಳೆಯದ ಲೆಕ್ಕವಿದು, ಆದರೂ ತೂಗಿ ನೋಡುವಾಗ ತಕ್ಕಡಿಯಲ್ಲಿ ಇರಬೇಕಾದದ್ದೇ. ಇಷ್ಟು ಕೇಳಿ ಹೆದರಬೇಕಾಗಿಲ್ಲ. ಬಿಡುವಿಗೆ ಒಂದು ಬೆಲೆಯಿದೆ, ಅದನ್ನು ತಿಳಿದೇ ಕೊಡಬೇಕು ಎಂಬಷ್ಟೇ ನನ್ನ ಮಾತು.

ಲೆಕ್ಕ ಕಾಗದದ ಮೇಲೆ ಕೂಡಿಬಂದರೆ ಮೂರು ತಿಂಗಳು ತಾಲೀಮು ಮಾಡಿ. ಬಿಡುವಿನಲ್ಲಿ ಎಷ್ಟರಲ್ಲಿ ಬದುಕುತ್ತೇವೆಂದು ಬರೆದಿದ್ದೀರೋ ಅಷ್ಟರಲ್ಲೇ ಬದುಕಿ, ಉಳಿದ ಸಂಬಳವನ್ನು ಬೇರೆ ಖಾತೆಗೆ ಹಾಕಿ. ನಿಭಾಯಿಸಿದರೆ ಮೂರು ತಿಂಗಳ ಹೆಚ್ಚುವರಿ ಉಳಿತಾಯ ಕೈಯಲ್ಲಿರುತ್ತದೆ. ನಿಭಾಯಿಸಲಾಗದಿದ್ದರೆ, ಸಂಬಳ ಬರುತ್ತಿರುವಾಗಲೇ ಅದು ಗೊತ್ತಾಯಿತಲ್ಲ. ಮನೆಯವರನ್ನೂ ಈ ತಾಲೀಮಿಗೆ ಸೇರಿಸಿಕೊಳ್ಳಬೇಕು. ಸಂಗಾತಿಯ ಬಳಿ “ನಾನು ಬಿಡುವು ತೆಗೆದುಕೊಳ್ಳಲೇ?” ಎಂದಷ್ಟೇ ಕೇಳಿದರೆ ಒಪ್ಪಿಗೆ ಸುಲಭವಾಗಿ ಸಿಗಬಹುದು, ಮನೆಯಲ್ಲಿರುವವರು ಎಂಬ ಕಾರಣಕ್ಕೆ ಮನೆಗೆಲಸವೆಲ್ಲ ನಿಮ್ಮ ಪಾಲಿಗೆ ಬರುತ್ತದೆಯೇ, ಖರ್ಚಿಗೆ ಕೈ ಬಿಗಿಹಿಡಿಯುವುದು ಎಲ್ಲಿ, ಸಂಗಾತಿಯ ಕೆಲಸ ಹೋದರೆ ಏನು ಎಂಬುದನ್ನು ಮಾತಾಡಿ ಮುಗಿಸಿದ ಮೇಲೆ ಸಿಗುವ ಒಪ್ಪಿಗೆಯೇ ಗಟ್ಟಿ.

ಕೆಲಸದಲ್ಲಿ ಇರುವುದು, ಬಿಡುವುದು ಎಂಬ ಎರಡರ ನಡುವೆಯೂ ದಾರಿಗಳಿವೆ. ಸಂಬಳರಹಿತ ದೀರ್ಘ ರಜೆ, ವಾರಕ್ಕೆ ಮೂರು ಅಥವಾ ನಾಲ್ಕು ದಿನದ ಕೆಲಸ, ಸಬ್ಬಾಟಿಕಲ್ (ಕೆಲವು ವರ್ಷ ದುಡಿದ ಮೇಲೆ, ಕೆಲಸ ಉಳಿಸಿಕೊಂಡೇ ಪಡೆಯುವ ದೀರ್ಘ ಬಿಡುವು) ಇವೆಲ್ಲ ಕೇಳಿದವರಿಗೆ ಮಾತ್ರ ಸಿಗುವಂಥವು. ಹಾರ್ವರ್ಡ್ ವಿಶ್ವವಿದ್ಯಾಲಯ 1880ರಲ್ಲಿ ತನ್ನ ಪ್ರಾಧ್ಯಾಪಕರಿಗೆ ಏಳು ವರ್ಷಕ್ಕೊಮ್ಮೆ ಸಬ್ಬಾಟಿಕಲ್ ರಜೆಯನ್ನು ಕೊಡಲಾರಂಭಿಸಿತು, ಹಾಗಾಗಿ ಕೇಳುವಾಗ ಹೊಸತೇನನ್ನೋ ಕೇಳುತ್ತಿದ್ದೇನೆಂದು ಮುದುಡಬೇಕಿಲ್ಲ. ಎಂದಿನಿಂದ ಎಂದಿನವರೆಗೆ, ನಿಮ್ಮ ಕೆಲಸವನ್ನು ಯಾರು ನೋಡಿಕೊಳ್ಳಬಹುದು, ಮರಳಿದಾಗ ಯಾವ ಹುದ್ದೆ, ಇಷ್ಟನ್ನು ಒಂದು ಪುಟದಲ್ಲಿ ಬರೆದುಕೊಟ್ಟು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಮರಳುವ ದಾರಿಯನ್ನು ಹೊರಡುವ ಮೊದಲೇ ನೋಡಿಟ್ಟುಕೊಳ್ಳಬೇಕು ಎಂಬುದರಲ್ಲಿ ನನಗೆ ರಾಜಿಯಿಲ್ಲ. ನಿಮ್ಮ ಕ್ಷೇತ್ರದಲ್ಲಿ ಒಂದು ವರ್ಷದಲ್ಲಿ ಎಷ್ಟು ಬದಲಾಗುತ್ತದೆ, ನವೀಕರಿಸಬೇಕಾದ ಪರವಾನಗಿ ಅಥವಾ ನೋಂದಣಿ ಇದೆಯೇ ಎಂದು ನೋಡಿ. ಬಿಡುವು ಮುಗಿಸಿ ಬಂದ ಒಬ್ಬಿಬ್ಬರನ್ನು ಹುಡುಕಿ, ಸಂದರ್ಶನದಲ್ಲಿ ಅವರನ್ನು ಏನು ಕೇಳಿದರೆಂದು ವಿಚಾರಿಸಿ. ರೆಸ್ಯೂಮೆಯಲ್ಲಿನ ಖಾಲಿ ಜಾಗದ ಭಯ ಮೊದಲಿನಷ್ಟಿಲ್ಲ, ಲಿಂಕ್ಡ್‌ಇನ್ 2022ರಲ್ಲಿ ವೃತ್ತಿವಿರಾಮವನ್ನೇ ಒಂದು ನಮೂದಾಗಿ ತೋರಿಸುವ ಅವಕಾಶ ಕೊಟ್ಟಿತು. ಹಾಗೆಂದು ವಿವರಣೆ ಬೇಡವೆಂದಲ್ಲ: “ಈ ಕಾರಣಕ್ಕೆ ಇಷ್ಟು ತಿಂಗಳು ಬಿಟ್ಟಿದ್ದೆ, ಇದನ್ನು ಮಾಡಿದೆ, ಈಗ ಸಿದ್ಧನಿದ್ದೇನೆ” ಎಂಬ ಮೂರು ಮಾತನ್ನು ಇಂದೇ ಬರೆದು ನೋಡಿ. ನಡುವಿನ ಮಾತನ್ನು ಬರೆಯಲು ಏನೂ ತೋಚದಿದ್ದರೆ ಬಿಡುವಿನ ಉದ್ದೇಶ ಇನ್ನೂ ಹಣ್ಣಾಗಿಲ್ಲ. ವಿಶ್ರಾಂತಿಯೇ ಉದ್ದೇಶವಾಗಿದ್ದರೆ ಅದೂ ಉದ್ದೇಶವೇ, ಅದಕ್ಕೊಂದು ಅವಧಿ ಹಾಕಿದರಾಯಿತು.

ಇದೆಲ್ಲ ಆದ ಮೇಲೆ ಕ್ಯಾಲೆಂಡರ್‌ನಲ್ಲಿ ಒಂದು ದಿನವನ್ನು ಗುರುತಿಸಿ, ಅಂದು ಹೌದೋ ಅಲ್ಲವೋ ಎಂದು ತೀರ್ಮಾನಿಸಿ. ಮುಂದೂಡುವ ಯೋಚನೆ ಬಂದರೆ ಏಕೆಂದು ಬರೆದು, ಹೊಸ ದಿನಾಂಕವನ್ನೂ ಅಲ್ಲಿಯೇ ಹಾಕಿ. ಹೌದು ಎಂದಾದರೆ, ಬೋನಸ್ ಕೈಸೇರುವ ದಿನ ಮತ್ತು ನೋಟಿಸ್ ಅವಧಿಯನ್ನು ನೋಡಿಕೊಂಡು ಪತ್ರದ ದಿನಾಂಕವನ್ನು ನಿಗದಿಮಾಡಿ. ಸಂಬಳದ ಚೀಟಿಗಳು, ನೇಮಕಾತಿ ಪತ್ರ, ತೆರಿಗೆ ದಾಖಲೆಗಳ ಪ್ರತಿಗಳನ್ನು ಕಚೇರಿಯ ಇಮೇಲ್ ಖಾತೆ ಮುಚ್ಚುವ ಮೊದಲೇ ಸ್ವಂತ ಖಾತೆಗೆ ಕಳುಹಿಸಿಕೊಳ್ಳಿ.