ಚಾರ್ಟ್ ಬದಿಗಿಡಿ, ಮೂಡೆ ಕೈಗೆ ಕೊಡಿ: ಮಕ್ಕಳಿಗೆ ಘನಾಕೃತಿ ಕಲಿಸುವುದು ಹೇಗೆ?

ಲೂಡೋ ಆಟದ ದಾಳವನ್ನು ಎರಡನೇ ಕ್ಲಾಸಿನ ಮಗುವಿಗೆ ತೋರಿಸಿ, ‘ಇದು ಯಾವ ಆಕಾರ?’ ಎಂದು ಕೇಳಿ ನೋಡಿ. ‘ಚೌಕ’ ಅನ್ನುವ ಮಕ್ಕಳೇ ಜಾಸ್ತಿ. ಚೆಂಡು ‘ವೃತ್ತ’ ಆಗುತ್ತದೆ, ಹುಟ್ಟುಹಬ್ಬದ ಟೊಪ್ಪಿ ‘ತ್ರಿಕೋನ’ ಆಗುತ್ತದೆ. ಇದರಲ್ಲಿ ಮಗುವಿನ ತಪ್ಪೇನಿಲ್ಲ. ಗೋಡೆಯ ಚಾರ್ಟಿನಲ್ಲೂ ಪುಸ್ತಕದಲ್ಲೂ ಅದು ನೋಡಿದ್ದೆಲ್ಲ ಬರೀ ಚಿತ್ರ. ಚಿತ್ರಕ್ಕೆ ಉದ್ದ ಉಂಟು, ಅಗಲ ಉಂಟು, ದಪ್ಪ ಇಲ್ಲ. ದಪ್ಪ ಇರುವ ವಸ್ತುವನ್ನು ಚಪ್ಪಟೆ ಕಾಗದ ನೋಡಿ ಕಲಿ ಎಂದರೆ ಮಗು ಹೇಗೆ ಕಲಿಯಬೇಕು?

ಹಾಗಾಗಿ ಈ ಪಾಠದಲ್ಲಿ ಕಾಗದ, ಪೆನ್ಸಿಲ್ ಬರುವುದು ಕೊನೆಗೆ. ಮೊದಲ ಕೆಲಸ ಕೈಗೆ. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಇದಕ್ಕೆ ಬೇಕಾದ ಸಾಮಾನು ಅಡುಗೆಮನೆಯಲ್ಲಿ, ಅಂಗಳದಲ್ಲೇ ಇರುತ್ತದೆ. ದುಡ್ಡು ಕೊಟ್ಟು ಪ್ಲಾಸ್ಟಿಕ್ ಆಕೃತಿಗಳ ಸೆಟ್ ತರುವುದು ಬೇಡ.

ಮೊದಲು ಬುಟ್ಟಿ ತುಂಬಲಿ

ಮಗುವಿನ ಕೈಗೆ ಒಂದು ಬುಟ್ಟಿ ಕೊಟ್ಟು ಮನೆಯಿಡೀ ಸುತ್ತಲು ಬಿಡಿ. ದಾಳ, ರೂಬಿಕ್ಸ್ ಕ್ಯೂಬ್ ಸಿಕ್ಕಿದರೆ ಅವು ಘನ. ಬೆಂಕಿಪೊಟ್ಟಣ, ಸಾಬೂನಿನ ಪೆಟ್ಟಿಗೆ, ಟೂತ್‌ಪೇಸ್ಟಿನ ರಟ್ಟಿನ ಡಬ್ಬಿ ಆಯತಘನ. ಅಕ್ಕಿ ಅಳೆಯುವ ಸೇರು, ಹಾಲಿನ ಪುಡಿಯ ಡಬ್ಬ ಸಿಲಿಂಡರ್. ಚೆಂಡು, ಗೋಲಿ ಗೋಳ. ಅಷ್ಟಮಿ, ಚೌತಿ ಹತ್ತಿರ ಇದ್ದರೆ ಮೂಡೆ (ಓಲೆ ಸುತ್ತಿ ಮಾಡಿದ ಕೊಳವೆಯಲ್ಲಿ ಬೇಯಿಸಿದ ಇಡ್ಲಿ) ಇದ್ದೇ ಇರುತ್ತದೆ. ಓಲೆ ಬಿಚ್ಚಿ ತಟ್ಟೆಗೆ ಹಾಕಿದ ಮೂಡೆಗಿಂತ ಒಳ್ಳೆಯ ಸಿಲಿಂಡರ್ ಯಾವ ಅಂಗಡಿಯಲ್ಲೂ ಸಿಗಲಿಕ್ಕಿಲ್ಲ. ಪಾಠ ಮುಗಿದ ಮೇಲೆ ತಿನ್ನಬಹುದು ಬೇರೆ!

ಯಾವ ಗುಂಪಿಗೂ ಸರಿಯಾಗಿ ಸೇರದ ವಸ್ತುಗಳೂ ಬುಟ್ಟಿಯಲ್ಲಿ ಬೇಕು. ತೆಂಗಿನಕಾಯಿ, ಮೊಟ್ಟೆ, ಚಾ ಕುಡಿಯುವ ಲೋಟ, ಸಂಜೆಯ ಗೋಳಿಬಜೆ. ಲೋಟ ಸಿಲಿಂಡರಾ? ಬಾಯಿ ಅಗಲ, ತಳ ಕಿರಿದು. ಹಾಗಾದರೆ ಅಲ್ಲ. ಇಂಥ ‘ಯಾಕಲ್ಲ’ಗಳಿಗೆ ಉತ್ತರ ಹುಡುಕುವಾಗಲೇ ಮಗು ಸರಿಯಾಗಿ ನೋಡಲು ಕಲಿಯುವುದು. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಮಾತ್ರ ಗೋಲಿ, ದಾಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಉರುಳುತ್ತದಾ, ಜಾರುತ್ತದಾ?

ಒಂದು ಹಲಗೆಯ ತುದಿಯನ್ನು ಎರಡು ದಪ್ಪ ಪುಸ್ತಕದ ಮೇಲಿಟ್ಟು ಇಳಿಜಾರು ಮಾಡಿ. ಒಂದೊಂದೇ ವಸ್ತುವನ್ನು ಮೇಲಿಂದ ಬಿಡಿ. ಬಿಡುವ ಮೊದಲು ‘ಏನಾದೀತು ಹೇಳು’ ಎಂದು ಕೇಳಬೇಕು, ಇದನ್ನು ಮರೆಯಬೇಡಿ. ಊಹೆ ಮಾಡದೆ ನೋಡಿದರೆ ಅದು ಬರೀ ಆಟ.

ಚೆಂಡು ಹೇಗೆ ಬಿಟ್ಟರೂ ಉರುಳುತ್ತದೆ. ಸಾಬೂನಿನ ಪೆಟ್ಟಿಗೆ ಜಾರುತ್ತದೆ, ಇಲ್ಲವೇ ಕೂತಲ್ಲೇ ಕೂರುತ್ತದೆ. ಡಬ್ಬವನ್ನು ಮಲಗಿಸಿದರೆ ಉರುಳುತ್ತದೆ, ನಿಲ್ಲಿಸಿದರೆ ಉರುಳುವುದಿಲ್ಲ. ಕಿಂಡರ್‌ಗಾರ್ಟನ್ ಎಂಬ ಕಲ್ಪನೆಯನ್ನೇ ಕೊಟ್ಟ ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ 1837ರಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದು, ಮುಂದೆ ಮಕ್ಕಳ ಕೈಗೆ ಕೊಡಲು ಮರದ ಗೋಳ, ಘನ, ಸಿಲಿಂಡರ್ ಇಟ್ಟುಕೊಂಡದ್ದು ಸುಮ್ನೆ ಅಲ್ಲ. ಒಂದು ಓಡುತ್ತದೆ, ಒಂದು ನಿಲ್ಲುತ್ತದೆ, ಮೂರನೆಯದು ಎರಡನ್ನೂ ಮಾಡುತ್ತದೆ.

ಹುಟ್ಟುಹಬ್ಬದ ಟೊಪ್ಪಿಯ ಆಕಾರ ಶಂಕು. ಅದಕ್ಕೆ ಹಲಗೆ ಬೇಡ, ನೆಲವೇ ಸಾಕು. ಟೊಪ್ಪಿಯನ್ನು ಮಲಗಿಸಿ ಮೆಲ್ಲ ತಳ್ಳಿದರೆ ಅದು ನೇರ ಹೋಗುವುದಿಲ್ಲ, ತನ್ನ ಚೂಪು ತುದಿಯ ಸುತ್ತ ಗಿರಕಿ ಹೊಡೆಯುತ್ತದೆ. ಮಕ್ಕಳು ಇದನ್ನು ಮತ್ತೆ ಮತ್ತೆ ಮಾಡುತ್ತಾರೆ, ಮಾಡಲಿ. ಆಮೇಲೆ ಕಾರಣ ಕೇಳಿ. ಅಗಲದ ಕಡೆ ದೊಡ್ಡ ವೃತ್ತ ಇದೆ, ಅದು ಉರುಳುತ್ತಾ ದೂರ ಹೋಗಬೇಕು. ಇನ್ನೊಂದು ಕಡೆ ಬರೀ ಒಂದು ಬಿಂದು, ಅದಕ್ಕೆ ಹೋಗಲು ದಾರಿಯೇ ಇಲ್ಲ.

ಕೊನೆಗೆ ಒಂದರ ಮೇಲೊಂದು ಪೇರಿಸಲು ಹೇಳಿ. ಶಂಕುವನ್ನು ಎಲ್ಲಕ್ಕಿಂತ ಮೇಲೆ ಮಾತ್ರ ಇಡಬಹುದು ಎಂದು ಅವರಿಗೇ ಗೊತ್ತಾಗುತ್ತದೆ.

ಅಚ್ಚು ಹಾಕಿ, ಹೆಸರು ಹೇಳಿ

‘ಚೌಕ’ದ ಗೊಂದಲ ಬಿಡಿಸುವ ಹಂತ ಇದು. ತಟ್ಟೆಯಲ್ಲಿ ಅಕ್ಕಿಹಿಟ್ಟು ಹರಡಿ ದಾಳವನ್ನು ಮೆಲ್ಲ ಒತ್ತಿ ತೆಗೆಯಿರಿ. ಹಿಟ್ಟಿನಲ್ಲಿ ಚೌಕ ಮೂಡುತ್ತದೆ. ತಿರುಗಿಸಿ ಇನ್ನೊಂದು ಬದಿ ಒತ್ತಿದರೆ ಮತ್ತೊಂದು ಚೌಕ. ಆರು ಬದಿ ಒತ್ತಿದರೆ ಆರು ಚೌಕ. ಈಗ ಹೇಳಿ: ‘ಚೌಕ ಇರುವುದು ಹಿಟ್ಟಿನಲ್ಲಿ. ನಿನ್ನ ಕೈಯಲ್ಲಿರುವುದು ಘನ.’ ದಾಳದ ಒಂದೊಂದು ಬದಿಯೂ ಒಂದೊಂದು ಮುಖ, ಆ ಮುಖದ ಆಕಾರ ಚೌಕ. ಇಷ್ಟು ತಿಳಿದರೆ ಅರ್ಧ ಪಾಠ ಮುಗಿದ ಹಾಗೆ.

ಡಬ್ಬದ ತಳ ಒತ್ತಿದರೆ ವೃತ್ತ. ಬೆಂಕಿಪೊಟ್ಟಣದ ಬೇರೆ ಬೇರೆ ಬದಿ ಒತ್ತಿದರೆ ಮೂರು ಅಳತೆಯ ಆಯತಗಳು, ಒಂದೊಂದೂ ಎರಡೆರಡು ಸಲ. ಚೆಂಡು ಒತ್ತಿದರೆ? ಒಂದು ಗುಳಿ ಮಾತ್ರ, ಚಪ್ಪಟೆ ಅಚ್ಚೇ ಇಲ್ಲ. ಮಲ್ಪೆ, ಪಣಂಬೂರು ಕಡಲತೀರಕ್ಕೆ ಹೋದಾಗ ಒದ್ದೆ ಮರಳಿನಲ್ಲಿ ಇದು ಇನ್ನೂ ಚೆನ್ನಾಗಿ ಬರುತ್ತದೆ.

ಹೆಸರು ಹೇಳಿಕೊಡುವಾಗ ವಸ್ತುವನ್ನು ತಿರುಗಿಸುತ್ತಾ ಇರಿ. ದಾಳವನ್ನು ಮೂಲೆಯ ಮೇಲೆ ನಿಲ್ಲಿಸಿ ಹಿಡಿದರೆ ‘ಇದು ಬೇರೆ’ ಅನ್ನುವ ಮಕ್ಕಳಿದ್ದಾರೆ. ಹೇಗೆ ತಿರುಗಿಸಿದರೂ, ಚಿಕ್ಕದಾದರೂ ದೊಡ್ಡದಾದರೂ ಘನ ಘನವೇ.

ಮುಖ, ಅಂಚು, ಶೃಂಗ

ಮೂರನೇ ಕ್ಲಾಸಿನ ನಂತರದ ಮಕ್ಕಳಿಗೆ ಎಣಿಕೆ ಶುರು ಮಾಡಬಹುದು. ಎರಡು ಮುಖ ಸೇರುವ ಗೆರೆ ಅಂಚು. ಅಂಚುಗಳು ಸೇರುವ ಮೂಲೆ ಶೃಂಗ. ಇಲ್ಲಿ ಎಲ್ಲ ಮಕ್ಕಳಿಗೂ ಬರುವ ತೊಂದರೆ ಒಂದೇ: ಎಣಿಸಿದ್ದನ್ನೇ ಮತ್ತೆ ಎಣಿಸುವುದು, ಇಲ್ಲವೇ ಒಂದೆರಡು ಬಿಟ್ಟುಹೋಗುವುದು. ಸಾಬೂನಿನ ಪೆಟ್ಟಿಗೆಯ ಶೃಂಗಕ್ಕೆಲ್ಲ ಒಂದೊಂದು ಬಿಂದಿ ಅಂಟಿಸಿ. ಅಂಚಿನ ಮೇಲೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆಯುತ್ತಾ ಎಣಿಸಲಿ. ಮೇಲೆ 4, ಕೆಳಗೆ 4, ನಿಂತ ಅಂಚು 4, ಒಟ್ಟು 12. ಹೀಗೆ ಗುಂಪು ಮಾಡಿ ಎಣಿಸುವುದು ಅಭ್ಯಾಸವಾದರೆ ಮುಂದೆ ಎಂಥ ಆಕೃತಿಗೂ ಹೆದರುವುದಿಲ್ಲ.

ಇನ್ನೂ ಒಳ್ಳೆಯ ದಾರಿ ಉಂಟು. ಹಿಡಿಸೂಡಿಯಿಂದ (ಕಡ್ಡಿ ಪೊರಕೆ) ಕಡ್ಡಿ ತೆಗೆದು ಒಂದೇ ಅಳತೆಗೆ ತುಂಡು ಮಾಡಿ. ರಾತ್ರಿ ನೆನೆಸಿಟ್ಟ ಕಡಲೆಗೆ ಕಡ್ಡಿ ಚುಚ್ಚಿ ಘನ ಕಟ್ಟಲು ಹೇಳಿ. 8 ಕಡಲೆ ಬೇಕು, 12 ಕಡ್ಡಿ ಬೇಕು. ಕಡಲೆಯೇ ಶೃಂಗ, ಕಡ್ಡಿಯೇ ಅಂಚು. ತಾನೇ ಕಟ್ಟಿದ್ದನ್ನು ಮಗು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ.

ಕಟ್ಟಿದ ಘನ ಮಾತ್ರ ಒಂದು ಬದಿಗೆ ವಾಲುತ್ತದೆ, ಎಷ್ಟು ಸರಿಮಾಡಿದರೂ ನೆಟ್ಟಗೆ ನಿಲ್ಲುವುದಿಲ್ಲ. ಅದೇ 4 ಕಡಲೆ, 6 ಕಡ್ಡಿಯಲ್ಲಿ ಎಲ್ಲ ಮುಖವೂ ತ್ರಿಕೋನವಾದ ಪಿರಮಿಡ್ ಕಟ್ಟಿದರೆ ಅಲುಗಾಡುವುದಿಲ್ಲ. ಚೌಕದ ಚೌಕಟ್ಟು ಓರೆಯಾಗಬಹುದು, ಕಡ್ಡಿಯ ಉದ್ದ ಬದಲಾಗದೆ ತ್ರಿಕೋನ ಓರೆಯಾಗಲಾರದು. ಆಮೇಲೆ ಮಗುವನ್ನು ಹಂಚಿನ ಮನೆಯ ಅಟ್ಟಕ್ಕೆ ಕರೆದುಕೊಂಡು ಹೋಗಿ ಪಕ್ಕಾಸು (ಹಂಚು ಹೊರುವ ಓರೆ ಮರಗಳು) ಎರಡು ಕಡೆಯಿಂದ ಬಂದು ಸೇರುವುದನ್ನು ತೋರಿಸಿ. ಎರಡು ಕಡೆ ಇಳಿದ ಮಾಡು (ಛಾವಣಿ), ಕೆಳಗೆ ಅಟ್ಟದ ನೆಲ, ಆಚೆ ಈಚೆ ತ್ರಿಕೋನ ಗೋಡೆ. ಮಲಗಿಸಿದ ತ್ರಿಕೋನ ಪಟ್ಟಕ (ಪ್ರಿಸಮ್: ಎರಡು ತುದಿಯೂ ಒಂದೇ ಆಕಾರ, ಸುತ್ತಲೂ ಚಪ್ಪಟೆ ಬದಿ) ಅದು: 5 ಮುಖ, 9 ಅಂಚು, 6 ಶೃಂಗ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಮಾಡು ಊರೂರಿಗೆ ಹಬ್ಬಿತು. ಪಟ್ಟಕ ತೋರಿಸಲು ನಮ್ಮವರು ದೂರ ಹೋಗಬೇಕಾಗಿಲ್ಲ.

ಐದನೇ ಕ್ಲಾಸಿನವರಿಗೆ ಒಂದು ಲೆಕ್ಕ ಕೊಡಿ. ಮುಖ ಮತ್ತು ಶೃಂಗ ಕೂಡಿಸಿ, ಅಂಚು ಕಳೆಯಲಿ. ಘನಕ್ಕೆ 6 + 8 – 12. ಮಾಡಿಗೆ 5 + 6 – 9. ಅಡಿ ಚೌಕವಿರುವ ಪಿರಮಿಡ್‌ಗೆ 5 + 5 – 8. ಪ್ರತಿ ಸಲ 2. ಸ್ವಿಟ್ಜರ್ಲೆಂಡಿನ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1750ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಹೇಳಿದ ಸಂಗತಿ ಇದು. ಉತ್ತರ ಮೊದಲೇ ಹೇಳಬೇಡಿ, ಮಗುವೇ ಕಂಡುಹಿಡಿಯಲಿ. ಮುಂದೆ ಎಣಿಕೆ ತಪ್ಪಿದರೂ ಈ 2 ಬರದಿದ್ದಾಗ ಅದಕ್ಕೇ ಗೊತ್ತಾಗುತ್ತದೆ.

ಸಿಲಿಂಡರ್, ಶಂಕು, ಗೋಳಕ್ಕೆ ಈ ಲೆಕ್ಕ ಹಾಕಲು ಹೋಗಬೇಡಿ. ಅಲ್ಲಿ ‘ಚಪ್ಪಟೆ ಮುಖ ಎಷ್ಟು, ಬಾಗಿದ ಮೇಲ್ಮೈ ಎಷ್ಟು’ ಎಂದು ಬೇರೆ ಬೇರೆ ಕೇಳಿ. ಡಬ್ಬಕ್ಕೆ ಚಪ್ಪಟೆ 2, ಬಾಗಿದ್ದು 1. ಟೊಪ್ಪಿಯ ಅಡಿ ಮುಚ್ಚಿದೆ ಎಂದುಕೊಂಡರೆ ಚಪ್ಪಟೆ 1, ಬಾಗಿದ್ದು 1. ಚೆಂಡಿಗೆ ಬಾಗಿದ್ದು ಮಾತ್ರ.

ಚೀಲದೊಳಗೆ ಏನುಂಟು?

ಗುರುತಿಸುವುದು ಬೇರೆ, ವಿವರಿಸುವುದು ಬೇರೆ. ಎರಡನೆಯದು ಬರುವುದು ಮಾತಾಡಿದರೆ ಮಾತ್ರ. ಬಟ್ಟೆಯ ಚೀಲದಲ್ಲಿ ಒಂದು ವಸ್ತು ಹಾಕಿ. ಮಗು ನೋಡದೆ ಕೈ ಹಾಕಿ ಮುಟ್ಟಬೇಕು, ಹೆಸರು ಹೇಳದೆ ವಿವರಿಸಬೇಕು. ನೀವು ಹೇಳಬೇಕು ಅದೇನೆಂದು.

‘ಒಂದು ಕಡೆ ಚೂಪು ಉಂಟು ಅಮ್ಮ.’

‘ಮತ್ತೆ?’

‘ಅಡಿ ಚಪ್ಪಟೆ.’

‘ಅಡಿಗೆ ಮೂಲೆ ಉಂಟಾ?’

‘ತಡಿ... ಇಲ್ಲ. ಸುತ್ತ ರೌಂಡ್.’

‘ಹಾಗಾದ್ರೆ ಶಂಕು!’

ಆ ‘ತಡಿ’ ಅಂದ ಕ್ಷಣದಲ್ಲಿ ಮಗುವಿನ ಬೆರಳು ಅಡಿಯ ಸುತ್ತ ಒಂದು ಸುತ್ತು ಹೋಗಿ ಬಂದಿರುತ್ತದೆ. ಮೂಲೆ ಉಂಟಾ ಎಂಬ ಒಂದು ಪ್ರಶ್ನೆ ಶಂಕುವನ್ನೂ ಪಿರಮಿಡ್ಡನ್ನೂ ಬೇರೆ ಮಾಡಿತು. ಹಾಗಾಗಿ ನೀವು ಕೇಳುವ ಪ್ರಶ್ನೆ ಬಹಳ ಮುಖ್ಯ. ‘ಅದು ಏನು?’ ಎಂದು ಕೇಳಿದರೆ ಹೆಸರು ಸಿಗುತ್ತದೆ, ‘ಹೇಗೆ ಗೊತ್ತಾಯ್ತು?’ ಎಂದು ಕೇಳಿದರೆ ಯೋಚನೆ ಸಿಗುತ್ತದೆ.

ಶುರುವಿಗೆ ‘ಐಸ್‌ಕ್ರೀಮ್ ಕೋನಿನ ಹಾಗೆ’, ‘ಚೆಂಡಿನ ಹಾಗೆ’ ಎನ್ನುವುದನ್ನು ಒಪ್ಪಿಕೊಳ್ಳಿ. ಆಟ ಪಳಗಿದ ಮೇಲೆ ‘ಹಾಗೆ’ ಎಂಬ ಮಾತು ಬಳಸಬಾರದು ಎಂಬ ನಿಯಮ ತನ್ನಿ. ನೆದರ್ಲೆಂಡ್ಸ್‌ನ ಪಿಯರೆ ಮತ್ತು ಡೀನಾ ವಾನ್ ಹೀಲೆ ಎಂಬ ಶಿಕ್ಷಕ ದಂಪತಿ 1957ರಲ್ಲಿ ಇದನ್ನೇ ಗುರುತಿಸಿದ್ದರು: ಮಕ್ಕಳು ಮೊದಲು ಆಕಾರವನ್ನು ಒಟ್ಟು ನೋಟದಿಂದ ಗುರುತಿಸುತ್ತಾರೆ, ಅದರ ಗುಣಗಳನ್ನು ಬಿಡಿಸಿ ಹೇಳುವುದು ಅದರ ನಂತರದ ಮೆಟ್ಟಿಲು. ವಯಸ್ಸಾದ ಮಾತ್ರಕ್ಕೆ ಆ ಮೆಟ್ಟಿಲು ಹತ್ತುವುದಿಲ್ಲ, ಯಾರಾದರೂ ಹತ್ತಿಸಬೇಕು.

ಬಿಚ್ಚಿ ನೋಡಿ

ಟೂತ್‌ಪೇಸ್ಟ್ ಡಬ್ಬಿಯ ಅಂಟು ಬಿಡಿಸಿ, ಒಳಗಿನ ಹೆಚ್ಚುವರಿ ಮಡಿಕೆ ಕತ್ತರಿಸಿ, ಚಪ್ಪಟೆ ಹರಡಿ. ಇದು ಆ ಆಕೃತಿಯ ಜಾಲಾಕೃತಿ. ಡಬ್ಬದ ಸುತ್ತಲಿನ ಲೇಬಲನ್ನು ನೆಟ್ಟಗೆ ಕತ್ತರಿಸಿ ಬಿಚ್ಚಿದರೆ ಆಯತ. ಅರ್ಧ ವೃತ್ತದ ಕಾಗದ ಸುತ್ತಿದರೆ ಶಂಕು, ಕಾಲು ವೃತ್ತ ಸುತ್ತಿದರೆ ಇನ್ನೂ ಚೂಪಾದ ಶಂಕು. ಚರುಮುರಿ ತಿಂದು ಖಾಲಿಯಾದ ಪೊಟ್ಟಣವನ್ನೂ ಬಿಚ್ಚಿ ನೋಡಬಹುದು. ಕಿತ್ತಳೆ ಸಿಪ್ಪೆಯನ್ನು ಮಾತ್ರ ಎಷ್ಟು ಜಾಗ್ರತೆಯಿಂದ ಸುಲಿದರೂ ಹರಿಯದೆ ಚಪ್ಪಟೆ ಮಾಡಲಾಗುವುದಿಲ್ಲ. ಗೋಳಕ್ಕೆ ಜಾಲಾಕೃತಿಯೇ ಇಲ್ಲ. ಭೂಮಿಯ ನಕ್ಷೆಯಲ್ಲಿ ದೇಶಗಳ ಅಳತೆ ಹೆಚ್ಚುಕಮ್ಮಿ ಆಗುವುದೂ ಇದೇ ಕಾರಣಕ್ಕೆ.

ಘನದ ಜಾಲಾಕೃತಿಯಲ್ಲಿ ಒಂದು ರಜೆಗೆ ಸಾಕಾಗುವಷ್ಟು ಕೆಲಸ ಉಂಟು. ಆರು ಚೌಕಗಳನ್ನು ಬದಿಗೆ ಬದಿ ತಾಗಿಸಿ 35 ರೀತಿ ಜೋಡಿಸಬಹುದು (ತಿರುಗಿಸಿದರೆ, ಮಗುಚಿದರೆ ಒಂದೇ ಆಗುವುದನ್ನು ಒಂದೇ ಎಂದು ಎಣಿಸಿದರೆ). ಮಡಚಿದರೆ ಘನ ಆಗುವುದು 11 ಮಾತ್ರ. ಯಾವ 11? ಮಕ್ಕಳು ಹುಡುಕಲಿ. ಹುಡುಕಿದ ಮೇಲೆ ಮಡಚುವ ಮೊದಲೇ ದಾಳದ ಚುಕ್ಕಿ ಬರೆಯಲು ಹೇಳಿ. ಎದುರು ಬದುರು ಮುಖದ ಚುಕ್ಕಿ ಕೂಡಿದರೆ 7 ಬರಬೇಕು. ದೊಡ್ಡವರೂ ಇಲ್ಲಿ ಸ್ವಲ್ಪ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹೊರಗೆ ಕರೆದುಕೊಂಡು ಹೋಗಿ

ಕಾಪುವಿನ ದೀಪಸ್ತಂಭದ ಬುಡದಲ್ಲಿ ನಿಂತು ‘ಇದು ಸಿಲಿಂಡರಾ?’ ಎಂದು ಕೇಳಿ. 1901ರಲ್ಲಿ ಕಟ್ಟಿದ ಆ ಗೋಪುರ ಮೇಲೆ ಹೋದಂತೆ ಕಿರಿದಾಗುತ್ತದೆ. ಲೋಟದ ಪಾಠ ಆಗಿದ್ದರೆ ಮಗು ಒಪ್ಪುವುದಿಲ್ಲ.

ಆದರೆ ಒಂದೇ ಕಡೆ ಹೋಗಲು ಸಾಧ್ಯ ಎಂದಾದರೆ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಮಳೆಗಾಲದಲ್ಲಿ ದೋಣಿ ಇಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಹರಿದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರುಕು ಬಿಟ್ಟು, ಕಂಬ ಕಂಬವಾಗಿ ನಿಂತ ಜಾಗ ಅದು. ಹೆಚ್ಚಿನ ಕಂಬಗಳಿಗೆ ಆರು ಬದಿ, ಕೆಲವಕ್ಕೆ ಐದು, ಏಳು. ಯಾರೂ ಕೆತ್ತದೆ ಆದ ಪಟ್ಟಕಗಳು.

ಒಂದು ಕಂಬದ ತಲೆಯ ಸುತ್ತ ಬೆರಳಾಡಿಸಿ ಬದಿ ಎಣಿಸಲಿ. ಆರು ಬಂದರೆ, ಮುಖ ಎಷ್ಟು ಎಂದು ಕೇಳಿ. ಅಡಿ ಹೂತುಹೋಗಿದೆ, ಕಾಣುವುದಿಲ್ಲ. ಆದರೂ ಹೇಳಬಹುದು: ಸುತ್ತ 6, ಮೇಲೆ 1, ಕೆಳಗೆ 1, ಒಟ್ಟು 8. ಅಂಚು ಮೇಲೆ 6, ಕೆಳಗೆ 6, ನಿಂತದ್ದು 6, ಒಟ್ಟು 18. ಶೃಂಗ 12. ಆಯ್ಲರ್ ಲೆಕ್ಕ ಇಲ್ಲೂ ಸರಿಯಾಗುತ್ತದೆ. ಕಾಣದ ಮುಖವನ್ನು ಮಗು ಲೆಕ್ಕಕ್ಕೆ ತೆಗೆದುಕೊಂಡಿತು ಎಂದರೆ ಅದು ಈಗ ಬರೀ ಕಣ್ಣಿನಿಂದ ನೋಡುತ್ತಿಲ್ಲ ಎಂದರ್ಥ.

ಈಗ ಕಾಗದ ಕೊಡಿ

ದಾಳವನ್ನು ಕಣ್ಣೆದುರು ಹಿಡಿದು ಒಮ್ಮೆಗೆ ಎಷ್ಟು ಮುಖ ಕಾಣುತ್ತದೆ ಎಂದು ನೋಡಲಿ. ಹೇಗೆ ಹಿಡಿದರೂ ಮೂರಕ್ಕಿಂತ ಜಾಸ್ತಿ ಕಾಣುವುದಿಲ್ಲ. ನಂತರ ಒಂದು ಚೌಕ ಬರೆದು, ಸ್ವಲ್ಪ ಮೇಲೆ, ಬಲಕ್ಕೆ ಅದೇ ಅಳತೆಯ ಇನ್ನೊಂದು ಚೌಕ ಬರೆದು, ಮೂಲೆಗೆ ಮೂಲೆ ಗೆರೆ ಎಳೆಯಲಿ. ಘನದ ಚಿತ್ರ ಸಿದ್ಧ. ಹಿಂದೆ ಅಡಗಿದ ಅಂಚುಗಳನ್ನು ಚುಕ್ಕಿ ಗೆರೆ ಮಾಡಬೇಕು. ಯಾವುವು ಅಡಗಿವೆ ಎಂದು ನೀವು ಹೇಳಬೇಡಿ, ಕಡ್ಡಿ ಕಡಲೆಯ ಘನವನ್ನು ಪಕ್ಕಕ್ಕಿಟ್ಟು ಹೋಲಿಸಿ ನೋಡಲಿ. ಪೂರ್ತಿ ಗೆರೆ 9, ಚುಕ್ಕಿ ಗೆರೆ 3 ಬಂದರೆ ಸರಿಯಾಗಿದೆ.