ಕರೆಂಟ್ ಹೋದಾಗ 27 ಮಣಿ

ಹರಿಹರದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ನಾನು 14 ವರ್ಷ ಗುಟ್ಕಾ ಹಾಕಿದವನು, ಜಪ ಹಿಡಿದು ಬಿಟ್ಟವನು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಯಿತಲ್ಲ, ಆಮೇಲೆ ಒಂದು ಪಾಕೀಟು ಇದ್ದದ್ದು ಎರಡಾಯಿತು, ಅಷ್ಟೇ. ಒಂದರಲ್ಲಿ ಪಾನ್ ಮಸಾಲೆ, ಇನ್ನೊಂದರಲ್ಲಿ ತಂಬಾಕು. ಎರಡನ್ನೂ ಹಲ್ಲಲ್ಲಿ ಹರಿದು, ಸಣ್ಣದನ್ನು ದೊಡ್ಡದಕ್ಕೆ ಸುರಿದು, ತುದಿ ಹಿಡಿದು ಕುಲುಕಬೇಕು. ಚರ್ ಚರ್ ಅನ್ನುವ ಆ ಸದ್ದಿಗೇ ಬಾಯಲ್ಲಿ ನೀರು ಬರುತ್ತಿತ್ತು. ದಿನಕ್ಕೆ 12, ಕೆಲವು ದಿನ 15.

ಒಂದು ಸಂಜೆ ಮಂಡಕ್ಕಿ ಜೊತೆ ಮಿರ್ಚಿ ಕಚ್ಚಿದೆ. ಬಾಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ನಾಲ್ಕು ದಿನ ಬರೀ ಮಜ್ಜಿಗೆ ಅನ್ನ ತಿಂದೆ. ದಂತವೈದ್ಯರ ಹತ್ತಿರ ಹೋದರೆ, ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಿ ಅಂದರು. ಎರಡೇ ಹೋದವು. ಕೆನ್ನೆಯ ಒಳಗೆ ನಾರುಗಟ್ಟಿದೆ, ಇದು ಮುಖ್ಯವಾಗಿ ಅಡಿಕೆಯಿಂದ ಬರುವುದು, ತಂಬಾಕು ಮಾತ್ರ ಬಿಟ್ಟರೆ ಸಾಲದು, ಎರಡನ್ನೂ ಬಿಡಬೇಕು ಅಂದರು. ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ, ಬಿಡದಿದ್ದರೆ ಕೆಲವರಿಗೆ ಕ್ಯಾನ್ಸರ್‌ಗೆ ತಿರುಗುತ್ತದೆ ಅಂತಲೂ ಹೇಳಿದರು. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಮನೆಗೆ ಬಂದು ಅವಳ ಮುಖ ನೋಡಲು ಆಗಲಿಲ್ಲ.

ಬಿಡಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಜಪದ ಆಸರೆ ಬೇಕು ಅನ್ನಿಸಿತು, ಮಂತ್ರಕ್ಕಾಗಿ ಎಲ್ಲೂ ಹುಡುಕಿಕೊಂಡು ಹೋಗಲಿಲ್ಲ. ಎಂಟು ವರ್ಷದವನಿದ್ದಾಗ ದೀಕ್ಷೆಯಲ್ಲಿ ಕಿವಿಯಲ್ಲಿ ಹೇಳಿದ್ದ ‘ಓಂ ನಮಃ ಶಿವಾಯ’ ಇತ್ತು. ಅಜ್ಜಿ ಬಿಟ್ಟುಹೋದ ರುದ್ರಾಕ್ಷಿ ಮಾಲೆಯೂ ದೇವರ ಗೂಡಲ್ಲಿ ಇತ್ತು. ಬೆಳಿಗ್ಗೆ 5 ಗಂಟೆಗೆ ಎದ್ದು ಸ್ನಾನ ಮಾಡಿ 108 ಜಪ ಶುರು ಮಾಡಿದೆ. ಮನಸ್ಸಿಗೆ ಹಿತ ಅನ್ನಿಸುತ್ತಿತ್ತು. ಆದರೆ 8 ಗಂಟೆಗೆ ಗಿರಣಿ ಬಾಗಿಲು ತೆಗೆದ ತಕ್ಷಣ ಕೈ ಜೇಬಿಗೆ ಹೋಗುತ್ತಿತ್ತು. ಎರಡು ವಾರ ಹೀಗೇ ನಡೆಯಿತು. ಜಪ ಜಪದ ಪಾಡಿಗೆ, ಗುಟ್ಕಾ ಗುಟ್ಕಾದ ಪಾಡಿಗೆ.

ರಾಗಿ ಬೀಸಿಸಲು ಬರುವ ರಿಟೈರ್ಡ್ ಸಂಸ್ಕೃತ ಮೇಷ್ಟ್ರು ಒಬ್ಬರಿದ್ದಾರೆ. ಅವರ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ನಿನಗೆ ಚಟ ಬರೋದು ಎಲ್ಲಿ? ದೇವರ ಮನೇಲಾ?”

“ಇಲ್ಲ ಮೇಷ್ಟ್ರೇ, ಇಲ್ಲೇ ಗಿರಣೀಲಿ.”

“ಹಂಗಾದ್ರೆ ಮಾಲೆ ಅಲ್ಲಿಟ್ಟು ಬಂದ್ರೆ ಹೆಂಗಪ್ಪಾ?”

ಅವತ್ತು ರಾತ್ರಿ ಕೂತು ಯೋಚನೆ ಮಾಡಿದೆ. ಯಾವಾಗ ಯಾವಾಗ ಹಾಕುತ್ತೇನೆ? ಚಹಾ ಕುಡಿದ ಮೇಲೆ, ಮಧ್ಯಾಹ್ನ ಊಟ ಆದ ಮೇಲೆ. ಇವೆರಡು ಎಲ್ಲರಿಗೂ ಇರುತ್ತವೆ. ನನ್ನ ದೊಡ್ಡ ಜಾಗ ಮೂರನೆಯದು: ಕರೆಂಟ್ ಹೋದಾಗ. ಮೋಟರ್ ನಿಲ್ಲುತ್ತದೆ, ಬೆಲ್ಟು ನಿಲ್ಲುತ್ತದೆ, ಡಬ್ಬಿ ಹಿಡಿದವರು ಕಟ್ಟೆ ಮೇಲೆ ಕೂರುತ್ತಾರೆ. ಕೈಗೆ ಕೆಲಸ ಇಲ್ಲ. ಆಗ ಒಂದರ ಹಿಂದೆ ಒಂದು ಮೂರು ಪಾಕೀಟು ಖಾಲಿ ಆಗುತ್ತಿತ್ತು.

ಮರುದಿನ 27 ಮಣಿಯ ಸಣ್ಣ ರುದ್ರಾಕ್ಷಿ ಮಾಲೆ ತಂದೆ. 108ರ ಕಾಲು ಭಾಗ. ಪಾಕೀಟು ಇಡುತ್ತಿದ್ದ ಅದೇ ಅಂಗಿ ಜೇಬಲ್ಲಿ ಇಟ್ಟೆ. ಕೈ ರೂಢಿಯ ಮೇಲೆ ಅಲ್ಲಿಗೇ ಹೋಗುತ್ತದೆ, ಹೋಗಲಿ. ಸಿಗುವುದು ಮಣಿ. ಮಾಲೆಯನ್ನು ಮಧ್ಯದ ಬೆರಳಿನ ಮೇಲೆ ಇಟ್ಟು ಹೆಬ್ಬೆರಳಿಂದ ಒಂದೊಂದೇ ಮಣಿ ಈಚೆಗೆ ಎಳೆಯಬೇಕು, ತೋರುಬೆರಳು ತಾಗಿಸಬಾರದು. ಮಾಲೆಯ ಎರಡು ತುದಿ ಕೂಡುವ ಕಡೆ ಇರುವ ಮೇರು ಮಣಿ ಬಂದರೆ ದಾಟದೆ ಮಾಲೆ ತಿರುಗಿಸಿಕೊಳ್ಳಬೇಕು. ಇದು ನಮ್ಮ ಅಜ್ಜಿ ಮಾಡುತ್ತಿದ್ದ ಕ್ರಮ. ಪಾಕೀಟು ಕುಲುಕುತ್ತಿದ್ದದ್ದೂ ಈ ಬಲಗೈಯೇ. ಆ ಕೈಗೆ ಒಂದು ಕೆಲಸ ಸಿಕ್ಕಿತು ನೋಡಿ, ಅರ್ಧ ಗೆದ್ದ ಹಾಗಾಯಿತು.

ಇನ್ನರ್ಧ ಉಸಿರಿನದು. ಮೂಗಿನಿಂದ ಉಸಿರು ತೆಗೆದುಕೊಂಡು, ಬಿಡುವಾಗ ಎಳೆದು ಎಳೆದು ‘ಓಂ ನಮಃ ಶಿವಾಯ’. ಒಂದು ಉಸಿರಿಗೆ ಒಂದು ಮಣಿ. ಗೋಡೆ ಗಡಿಯಾರ ನೋಡಿ ಎಣಿಸಿದರೆ ನಿಮಿಷಕ್ಕೆ ಆರು ಬಂತು. ಅಂದರೆ 27 ಮಣಿಗೆ ನಾಲ್ಕೂವರೆ ನಿಮಿಷ. ಗುಟ್ಕಾ ಬೇಕೇ ಬೇಕು ಅನ್ನುವ ಆ ಎಳೆತ ಜೋರಾಗಿ ಇರುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು! ಕೊನೆಯ ಮಣಿ ಬರುವಾಗ ಅದು ತಣ್ಣಗಾಗಿರುತ್ತಿತ್ತು. ಆಗದಿದ್ದರೆ ಇನ್ನೊಂದು ಸುತ್ತು. ಮೂರನೇ ಸುತ್ತು ಬೇಕಾದದ್ದು ಕಡಿಮೆ.

ದಾವಣಗೆರೆಯಲ್ಲಿ ಮೆಡಿಕಲ್ ಓದುವ ಅಕ್ಕನ ಮಗನಿಗೆ ಈ ಲೆಕ್ಕ ಹೇಳಿದೆ. ಅವನು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ತೋರಿಸಿದ. ಇಟಲಿಯ ವೈದ್ಯರು 23 ಜನರಿಂದ ಕ್ರೈಸ್ತರ ಜಪಸರದ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿ ನೋಡಿದ್ದಾರೆ. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತಂತೆ, ಹೃದಯದ ಬಡಿತವೂ ಆ ಲಯಕ್ಕೆ ಹೊಂದಿಕೊಂಡಿತಂತೆ. ಎರಡು ಬೇರೆ ಬೇರೆ ಧರ್ಮದ ಪ್ರಾರ್ಥನೆ ಆದರೂ ಉಸಿರು ಅದೇ ಆರರ ಹತ್ತಿರ ಬಂದು ನಿಂತಿತಲ್ಲ. ನನಗೆ ಮೈ ಜುಮ್ಮೆಂದಿತು.

ಜಪದಲ್ಲಿ ಮೂರು ಬಗೆ: ಬಾಯಿ ಬಿಟ್ಟು ಹೇಳುವುದು, ತುಟಿ ಮಾತ್ರ ಆಡಿಸುವುದು, ಮನಸ್ಸಲ್ಲೇ ಹೇಳುವುದು. ಮನಸ್ಸಿನ ಜಪವೇ ದೊಡ್ಡದು ಅಂತ ಹಿಂದಿನವರು ಹೇಳಿದ್ದಾರೆ. ಇರಬಹುದು. ಆದರೆ ಚಟ ಬಿಡುವವರು ಮೊದಲ ತಿಂಗಳು ಗಟ್ಟಿಯಾಗಿಯೇ ಹೇಳಿ ಅಂತ ನಾನು ಹೇಳುತ್ತೇನೆ. ಮನಸ್ಸಲ್ಲಿ ಹೇಳುವಾಗ ಅದೇ ಮನಸ್ಸು ಪಾನ್ ಅಂಗಡಿಗೂ ಹೋಗಿ ಬರುತ್ತದೆ. ಬಾಯಿಗೆ ಕೆಲಸ ಕೊಟ್ಟರೆ ಬಾಯಿಗೆ ಪುರುಸೊತ್ತಿರುವುದಿಲ್ಲ. ಗಿರಣಿ ಓಡುವಾಗ ಎಷ್ಟು ಜೋರಾಗಿ ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ. ಕರೆಂಟ್ ಹೋದಾಗ ಹಿಂದಿನ ಕೋಣೆಗೆ ಹೋಗಿ ತುಟಿ ಆಡಿಸುತ್ತಿದ್ದೆ.

ಗುಟ್ಕಾ ಬಿಟ್ಟ ಮೂರನೇ ದಿನ ಬಹಳ ಕಷ್ಟ ಆಯಿತು. ತಲೆನೋವು, ಕೈ ನಡುಕ, ಎಲ್ಲದಕ್ಕೂ ಸಿಟ್ಟು. ಜೋಳ ತಂದ ಅಮ್ಮನೊಬ್ಬರ ಮೇಲೆ ಸುಮ್ಸುಮ್ನೆ ರೇಗಿದೆ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

23ನೇ ದಿನ ರಾಣೆಬೆನ್ನೂರಿನಲ್ಲಿ ಸಂಬಂಧಿಕರ ಮದುವೆ. ಊಟ ಆಯಿತು. ಗೆಳೆಯ ಕುಲುಕಿ ಕೈಗೆ ಸುರಿದ. ಹಾಕಿಕೊಂಡೆ. ಮಾಲೆ ಮನೆಯಲ್ಲಿ ಹಳೇ ಅಂಗಿಯ ಜೇಬಲ್ಲಿ ಉಳಿದಿತ್ತು. ವಾಪಸ್ ಬಂದ ಮೇಲೆ ನಾಲ್ಕು ದಿನ ದೇವರ ಮುಂದೆ ಕೂರಲಿಲ್ಲ. ಯಾವ ಮುಖ ಇಟ್ಟುಕೊಂಡು ಕೂರಲಿ ಅನ್ನಿಸಿತು.

ಮೇಷ್ಟ್ರಿಗೆ ಹೇಳಿದಾಗ ಅವರು ಪತಂಜಲಿಯ ಯೋಗಸೂತ್ರ ತಂದು ಮೊದಲ ಪಾದ ತೆಗೆದರು. ಓಂಕಾರದ ಜಪ, ಅದರ ಅರ್ಥದ ಧ್ಯಾನ ಮಾಡಿದರೆ ಅಡ್ಡಿಗಳು ಹೋಗುತ್ತವೆ ಅಂತ 28 ಮತ್ತು 29ನೇ ಸೂತ್ರ. ಆ ಅಡ್ಡಿಗಳು ಯಾವುವು ಅಂತ 30ನೆಯದು. ಒಂಬತ್ತು ಇವೆ. ಕಾಯಿಲೆ, ಜಡತ್ವ, ಸಂಶಯ, ಸೋಮಾರಿತನ, ಚಪಲ ಎಲ್ಲ ಅದರಲ್ಲಿವೆ. ಕೊನೆಯದರ ಮೇಲೆ ಬೆರಳಿಟ್ಟರು: ಅನವಸ್ಥಿತತ್ವ. “ಹತ್ತಿದ ಮೆಟ್ಟಿಲಲ್ಲಿ ನಿಲ್ಲೋಕಾಗದೆ ಜಾರೋದು ಅಂತ ಅರ್ಥ. ಜಾರೋದೂ ದಾರಿಯಲ್ಲಿ ಇರೋದೇ ಅಂತ ಪತಂಜಲಿಗೆ ಗೊತ್ತಿತ್ತಪ್ಪಾ.” ಅಡ್ಡಿಗಳ ಜೊತೆಗೇ ಬರುವವು 31ರಲ್ಲಿವೆ: ದುಃಖ, ಬೇಜಾರು, ಮೈ ನಡುಕ, ಉಸಿರಿನ ಏರುಪೇರು. ನನ್ನ ಮೂರನೇ ದಿನ ಅಲ್ಲಿ ಹಾಗ್ಹಾಗೇ ಇತ್ತು. ಗಿರಣಿಯಲ್ಲಿ ನಿಂತೇ ಕಣ್ಣು ತುಂಬಿತು. ಅವತ್ತು ಸಂಜೆ ಮತ್ತೆ ಮಾಲೆ ಹಿಡಿದೆ. ಎಣಿಕೆ ಒಂದರಿಂದ ಶುರು ಮಾಡಲಿಲ್ಲ, 24 ಅಂತಲೇ ಬರೆದೆ.

ಅದಾಗಿ 19 ತಿಂಗಳು. ಮದುವೆಗೆ ಹೋಗುವಾಗ ಹೊಸ ಅಂಗಿ ಜೇಬಿಗೆ ಮೊದಲು ಮಾಲೆ, ಆಮೇಲೆ ದುಡ್ಡು. ಮಣಿಗಳ ಗೆರೆಗಳಲ್ಲಿ ಹಿಟ್ಟು ಕೂತಿರುತ್ತದೆ, ಸೋಮವಾರ ಹಳೇ ಬ್ರಷ್‌ನಿಂದ ತಿಕ್ಕಿ ಎಣ್ಣೆ ಹಚ್ಚುತ್ತೇನೆ. ಒಬ್ಬರೇ ಬಿಡಲು ಆಗದಿದ್ದರೆ ತಂಬಾಕಿನ ಪಾಕೀಟಿನ ಮೇಲೇ ನಂಬರ್ ಇದೆ, 1800-11-2356. ದುಡ್ಡು ಬೀಳುವುದಿಲ್ಲ. ಜಪ ನಡೆಯುತ್ತಿರಲಿ, ಆ ಫೋನನ್ನೂ ಮಾಡಿ, ಬಾಯಿ ಉರಿಯುತ್ತಿದ್ದರೆ ಡಾಕ್ಟರ ಹತ್ತಿರವೂ ಹೋಗಿ. ನಾರುಗಟ್ಟಿದ ಕೆನ್ನೆ ಜಪದಿಂದ ಸಡಿಲ ಆಗುವುದಿಲ್ಲ. ಅದಕ್ಕೆ ಡಾಕ್ಟರು ಹೇಳಿದಂತೆ ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ಮಧ್ಯೆ ಇಟ್ಟುಕೊಂಡು ದಿನಾ ಬಾಯಿ ತೆರೆಯುವ ವ್ಯಾಯಾಮ ಮಾಡುತ್ತೇನೆ. ಹೋದ ತಿಂಗಳು ಎರಡೂವರೆ ಬೆರಳು ಹೋಯಿತು. ಮಿರ್ಚಿ ಇನ್ನೂ ಆಗುವುದಿಲ್ಲ. ಮಗಳು ತನ್ನ ಪಾಲಿನ ಮಂಡಕ್ಕಿಯನ್ನು ಖಾರ ಹಾಕಿಸದೆ ತರುತ್ತಾಳೆ, ಇಬ್ಬರೂ ಒಂದೇ ಪೊಟ್ಟಣದಲ್ಲಿ ತಿನ್ನುತ್ತೇವೆ.