ಮಳೆಗಾಲದ ಆಫೀಸ್ ಗ್ರೂಪ್: ನಾವು ಬರೆಯುವ ಕ್ರಮ

ಶಿವಮೊಗ್ಗದ ಕಚೇರಿಯಲ್ಲಿ ಕೂತು ಹಾಕಿದ ಮೆಸೇಜು ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರು ಕಡೆಯ ಸಹೋದ್ಯೋಗಿಗೆ ಜುಲೈ ತಿಂಗಳಲ್ಲಿ ಯಾವಾಗ ಮುಟ್ಟುತ್ತದೆಂದು ಹೇಳಲು ಬರುವುದಿಲ್ಲ. ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಇಳಿದರೆ ಮರುದಿನವೇ. ನಮ್ಮ ಅಡಿಕೆ ಸಂಘದ ವಾಟ್ಸಾಪ್ ಗ್ರೂಪಿನ ರೀತಿರಿವಾಜೆಲ್ಲ ಹುಟ್ಟಿದ್ದು ಇದರಿಂದಲೇ. ಆರು ಗಂಟೆ ತಡವಾಗಿ ಓದಿದವರಿಗೂ ಮೆಸೇಜು ಪೂರ್ತಿ ಅರ್ಥವಾಗಬೇಕು, ಯಾರ ಮನಸ್ಸೂ ನೋಯಬಾರದು.

ಹಾಗಾಗಿ ‘ನಾಳೆ’, ‘ಈಗ’, ‘ಸಂಜೆ’ ನಮ್ಮಲ್ಲಿಲ್ಲ. ‘ನಾಳೆ ಲಾರಿ ಬರುತ್ತೆ’ ಎಂಬುದನ್ನು ಮರುದಿನ ಬೆಳಿಗ್ಗೆ ಓದಿದವರು ಇನ್ನೊಂದು ದಿನ ಕಾಯುತ್ತಾರೆ. ‘ಗುರುವಾರ 18ನೇ ತಾರೀಕು, ಬೆಳಿಗ್ಗೆ 10ಕ್ಕೆ, ತೀರ್ಥಹಳ್ಳಿ ಗೋದಾಮಿಗೆ ಲಾರಿ’ ಎಂದು ಒಂದೇ ಮೆಸೇಜಿನಲ್ಲಿ ಬರೆಯುತ್ತೇವೆ. ‘ಸರ್’ ಎಂದೊಂದು, ‘ಲಾರಿ ವಿಷಯ’ ಎಂದಿನ್ನೊಂದು, ಹೀಗೆ ತುಂಡು ತುಂಡಾಗಿ ಹಾಕಿದರೆ ಮಧ್ಯೆ ಬೇರೆಯವರ ಮಾತು ಸೇರಿ ತಲೆಬುಡ ತಿಳಿಯುವುದಿಲ್ಲ.

ಹೆಚ್ಚು ಎಡವಟ್ಟಾಗುವುದು ‘ಆಯ್ತು’ ಎಂಬಲ್ಲಿ. ಅದು ‘ಒಪ್ಪಿದೆ’ಯೂ ಹೌದು, ‘ಮುಗಿಸಿದೆ’ಯೂ ಹೌದು. ಎದುರಿಗಿದ್ದಾಗ ಧ್ವನಿಯಲ್ಲಿ ತಿಳಿಯುತ್ತದೆ, ಅಕ್ಷರದಲ್ಲಿ ತಿಳಿಯುವುದಿಲ್ಲ. ‘ರಾಶಿ 40 ಚೀಲ ತೂಕ ಮಾಡಿಸಿ’ (ರಾಶಿ ಎಂದರೆ ಅಡಿಕೆಯ ಒಂದು ಬಗೆ) ಎಂಬುದಕ್ಕೆ ‘ಆಯ್ತು’ ಎಂದು ಬಂದರೆ ಕಚೇರಿಯವರು ತೂಕ ಮುಗಿಯಿತೆಂದು ಲಾರಿ ಹೊರಡಿಸುತ್ತಾರೆ. ಅದಕ್ಕೇ ‘ಮಾಡಿಸ್ತೀನಿ, ಬುಧವಾರ ಮಧ್ಯಾಹ್ನ 4ರೊಳಗೆ’ ಅಥವಾ ‘ಮುಗೀತು, 40 ಚೀಲ’, ಇವೆರಡರಲ್ಲಿ ಒಂದು. ‘ನೋಡುವ’ ಇನ್ನೂ ಕಷ್ಟದ ಮಾತು. ಮಲೆನಾಡಿನಲ್ಲಿ ಅದು ಎಷ್ಟೋ ಸಲ ನಯವಾದ ‘ಇಲ್ಲ’. ಹೊರಗಿನಿಂದ ಬಂದವರು ಅದನ್ನು ಒಪ್ಪಿಗೆ ಎಂದೇ ಬರೆದುಕೊಳ್ಳುತ್ತಾರೆ. ‘ಈ ವಾರ ಆಗೋದಿಲ್ಲ, ಸೋಮವಾರ ಆಗುತ್ತೆ’ ಎನ್ನುವುದರಲ್ಲಿ ಒರಟುತನವೇನೂ ಇಲ್ಲ.

‘ಬಿಲ್ ಯಾಕೆ ಕಳ್ಸಿಲ್ಲ?’ ಎಂದು ಹತ್ತು ಜನರೆದುರು ಕೇಳಿದರೆ ವಿಚಾರಣೆಯಾಗುತ್ತದೆ. ‘ಬಿಲ್ ಬಂದಿಲ್ಲ, ಏನಾದ್ರೂ ತೊಂದ್ರೆ ಇದೆಯಾ?’ ಎಂದರೆ ಉತ್ತರ ಬರುತ್ತದೆ. ತಪ್ಪು ತೋರಿಸುವುದಿದ್ದರೆ ಗ್ರೂಪಿನಲ್ಲಿ ಬೇಡ, ಅವರಿಗೊಬ್ಬರಿಗೇ ಫೋನ್ ಮಾಡಬೇಕು. ಏಕವಚನ ಯಾರಿಗೂ ಇಲ್ಲ, ಒಟ್ಟಿಗೆ ಓದಿದ ಗೆಳೆಯನಿಗೂ ಇಲ್ಲ. ಮ್ಯಾನೇಜರಿಗೆ ‘ಬನ್ನಿ’, ಹಮಾಲರಿಗೆ ‘ಬಾ’ ಎಂಬ ಭೇದ ಬಾಯಲ್ಲಿ ಆಡಿ ಮರೆತರೂ ಗ್ರೂಪಿನಲ್ಲಿ ಉಳಿದೇ ಇರುತ್ತದೆ. ನನಗೆ ಇದು ಉಳಿದೆಲ್ಲಕ್ಕಿಂತ ಮುಖ್ಯ.

ಕನ್ನಡವನ್ನು ಕನ್ನಡ ಅಕ್ಷರದಲ್ಲೇ ಬರೆಯಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅಡಿಕೆಗೆ ಬರುವ ‘ಕೊಳೆ’ ರೋಗವೂ ‘ಕೊಲೆ’ಯೂ ಒಂದೇ, ‘ಹಾಳೆ ತಟ್ಟೆ’ಯೂ ‘ಹಳೆ ತಟ್ಟೆ’ಯೂ ಒಂದೇ. ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೂ ಕನ್ನಡ ಮೂಡುತ್ತದೆ, ಮಾತಾಡಿದರೂ ಟೈಪ್ ಆಗುತ್ತದೆ. ವಾಯ್ಸ್ ಮೆಸೇಜು ಅರ್ಧ ನಿಮಿಷದೊಳಗೆ. ಅದರಲ್ಲಿ ಹೇಳಿದ ದರ, ತೂಕ, ಫೋನ್ ನಂಬರನ್ನು ಕೆಳಗೆ ಟೈಪ್ ಮಾಡಲೇಬೇಕು. ಮಾತಿನಲ್ಲಿ ಹೋದ ಅಂಕಿಯನ್ನು ಆಮೇಲೆ ಹುಡುಕಲಾಗದು.

ದರ ತಪ್ಪಾಗಿ ಹಾಕಿದರೆ 15 ನಿಮಿಷದೊಳಗೆ ತಿದ್ದಲು ವಾಟ್ಸಾಪ್ ಬಿಡುತ್ತದೆ. ಆದರೂ ಅಂಕಿಗಳನ್ನು ನಾವು ಹಾಗೆ ತಿದ್ದುವುದಿಲ್ಲ. ಮೊದಲೇ ಓದಿ ರೈತರಿಗೆ ಹೇಳಿಬಿಟ್ಟವರು ಮತ್ತೆ ಮೇಲೆ ಹೋಗಿ ನೋಡುವುದಿಲ್ಲವಲ್ಲ. ಹಳೆಯ ಮೆಸೇಜಿಗೆ ರಿಪ್ಲೈ ಕೊಟ್ಟು ‘ತಿದ್ದುಪಡಿ: ಬೆಟ್ಟೆ ದರ’ (ಬೆಟ್ಟೆಯೂ ಅಡಿಕೆಯ ಒಂದು ಬಗೆ) ಎಂದು ಹೊಸದಾಗಿ ಬರೆಯುತ್ತೇವೆ.

ಶುಭಾಶಯ, ಫೋಟೊ, ಹರಟೆಗೆ ಇನ್ನೊಂದು ಗ್ರೂಪಿದೆ. ಸಾವಿನ ಸುದ್ದಿ ಮಾತ್ರ ಕೆಲಸದ ಗ್ರೂಪಿಗೂ ಬರುತ್ತದೆ, ಅಂತ್ಯಕ್ರಿಯೆಯ ಸ್ಥಳ ಮತ್ತು ಸಮಯದೊಂದಿಗೆ. ಅದರ ಕೆಳಗೆ ನಲವತ್ತು ‘ಓಂ ಶಾಂತಿ’ ಬಿದ್ದರೆ ಸಮಯವೇ ಮೇಲೆ ಸರಿದು ಕಾಣದಾಗುತ್ತದೆ. ಆ ಮೆಸೇಜಿನ ಮೇಲೆಯೇ ಕೈಮುಗಿದ ಚಿಹ್ನೆ ಒತ್ತಿದರೆ ಸಾಕು.

ಉತ್ತರ ಬಾರದಿದ್ದರೆ ಮೊದಲು ಮೆಸೇಜನ್ನು ಒತ್ತಿ ಹಿಡಿದು ‘ಇನ್ಫೋ’ ನೋಡಬೇಕು. ಗ್ರೂಪಿನಲ್ಲಿ ಎಲ್ಲರೂ ಓದುವ ತನಕ ಟಿಕ್ ನೀಲಿಯಾಗದು, ಆದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂಬುದು ಅಲ್ಲಿರುತ್ತದೆ. ತಲುಪಿದವರ ಪಟ್ಟಿಯಲ್ಲೇ ಹೆಸರಿಲ್ಲದವರಿಗೆ ‘ಯಾಕೆ ಉತ್ತರ ಕೊಡ್ತಿಲ್ಲ’ ಎಂದು ಮತ್ತೆ ಮತ್ತೆ ಬರೆದರೆ, ಸಿಗ್ನಲ್ ಬಂದ ಕೂಡಲೇ ಅವರಿಗೆ ಐದು ಬೈಗುಳ ಒಟ್ಟಿಗೆ ಬಿದ್ದ ಹಾಗಾಗುತ್ತದೆ. ತುರ್ತಿದ್ದರೆ ಎಸ್‌ಎಂಎಸ್ ಕಳಿಸುತ್ತೇವೆ. ಡೇಟಾ ಸಿಗದ ಕಡೆಯೂ ಒಂದು ಕಡ್ಡಿ ಸಿಗ್ನಲ್ ಇದ್ದರೆ ಅದು ಹೋಗುತ್ತದೆ.